ಕನ್ನಡ ಕರಾವಳಿಯ ನೌಕಾಭಟರ ವಂಶಶೋಧನೆ

ಅರಸುಮನೆತನಗಳ ಪರಂಪರೆಯನ್ನು ಶಾಸನಗಳು ಉಳಿಸಿಕೊಟ್ಟಿವೆ. ನೆಲದ ಮೇಲೆ ಕಾದಿ ಮಡಿದ ಭಟರ ಹೆಸರನ್ನು ವೀರಗಲ್ಲುಗಳು ಸಾರುತ್ತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಯುದ್ಧನೌಕೆಗಳಲ್ಲಿ ದುಡಿದ ಪಡುಗಡಲ ತೀರದ ಖಲಾಸಿಗಳಿಗಾದರೋ ಇಂತಹ ಸ್ಮಾರಕಗಳು ದೊರೆಯಲಿಲ್ಲ. ಕನ್ನಡ ಜಿಲ್ಲೆಗಳ ಮನೆತನವೊಂದರಲ್ಲಿ ಅಂತಹ ಪೂರ್ವಿಕನೊಬ್ಬನಿದ್ದನೆಂಬ ಮಾತು ಬಾಯಿಂದ ಬಾಯಿಗೆ ಬಂದಿದ್ದರೆ, ಅದನ್ನು ಪ್ರಮಾಣಗಳಿಂದ ಪರೀಕ್ಷಿಸುವ ಬಗೆ ಹೇಗೆಂಬುದು ವಿಚಾರಾರ್ಹವಾಗಿದೆ.

ಮೊದಲು ಕಾಲನಿರ್ಣಯವಾಗಬೇಕು. ‘ಸರಕಾರದ ಹಡಗು’ ಎಂದಷ್ಟೇ ಐತಿಹ್ಯವಿದ್ದರೆ ಅದು ಯಾವ ಸರಕಾರವೆಂಬುದು ತಿಳಿಯದು. ಟಿಪ್ಪು ಸುಲ್ತಾನನು 1796ರಲ್ಲಿ ನೌಕಾಬಲಕ್ಕಾಗಿ ವಿಸ್ತಾರವಾದ ನಿರೂಪವನ್ನು ಹೊರಡಿಸಿದ್ದನು. ಮಂಗಳೂರು ಮತ್ತು ಸದಾಶಿವಗಡಗಳು ಅದರ ನೆಲೆಗಳಾಗಿದ್ದವು. ಇತ್ತ ಕಂಪೆನಿಯ ಬೊಂಬಾಯಿ ನೌಕಾದಳವು 1830ರಲ್ಲಿ ‘ಇಂಡಿಯನ್ ನೇವಿ’ ಎಂಬ ಹೆಸರನ್ನು ತಳೆದು, 1839ರಲ್ಲಿ ಏಡನ್ ಬಂದರಿನಲ್ಲಿಯೂ 1856-57ರ ಪಾರಸೀಕ ಯುದ್ಧದಲ್ಲಿಯೂ ಹೋರಾಡಿ, 1863ರಲ್ಲಿ ಯುದ್ಧದಳವಾಗಿ ಕೊನೆಗಂಡಿತು. ಇವೆರಡರ ನಡುವೆ ಎರಡು ತಲೆಮಾರುಗಳ ಅಂತರವುಂಟು. ಆದ್ದರಿಂದ ವಂಶಾವಳಿಯ ತಲೆಮಾರುಗಳನ್ನು ಎಣಿಸದೆ ಯಾವ ತೀರ್ಮಾನಕ್ಕೂ ಬರಲಾಗದು.

ಎರಡನೆಯದು ಹೆಸರಿನ ತೊಡಕು. ಚಾರ್ಲ್ಸ್ ಲೋ ಎಂಬವನು 1877ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಆ ದಳದ ಚರಿತ್ರೆಯಲ್ಲಿ ಐರೋಪ್ಯ ಅಧಿಕಾರಿಗಳ ಹೆಸರುಗಳೂ ಸಾಹಸಗಳೂ ತುಂಬಿವೆ. ಖಲಾಸಿಗಳು ಬಹುಮಟ್ಟಿಗೆ ಸಮೂಹವಾಗಿಯೇ ಕಾಣಿಸಿಕೊಳ್ಳುತ್ತಾರೆ. ಅವರಲ್ಲಿ ಮೇಲಾಳುಗಳಿಗೆ ಸಾರಂಗ, ತಾಂಡೇಲ ಎಂಬ ಪದವಿಗಳಿದ್ದವು. ಕಾರವಾರದ ಕಡೆ ತಾಂಡೇಲ ಎಂಬುದು ಕುಲನಾಮವಾಗಿ ನಿಂತಿದೆ. ಆದರೆ ಮೀನುದೋಣಿಯ ಯಜಮಾನನಿಗೂ ತಾಂಡೇಲನೆಂದೇ ಹೆಸರು. ಹೀಗಿರಲು ಕುಲನಾಮವೊಂದನ್ನೇ ನಂಬಿ ನೌಕಾಸೇವೆಯನ್ನು ಸಾಧಿಸಹೊರಡುವುದು ಸಾಧುವಲ್ಲ.

ಮೂರನೆಯದು ಕಡತಗಳ ಚದುರುವಿಕೆ. ಕನ್ನಡ ಜಿಲ್ಲೆಯು 1799ರಲ್ಲಿ ಕಂಪೆನಿಯ ಕೈಸೇರಿ ಮದರಾಸಿನ ಆಡಳಿತಕ್ಕೆ ಒಳಪಟ್ಟಿತು. ಅದರ ಉತ್ತರಭಾಗವು 1862ರಲ್ಲಿ ಬೊಂಬಾಯಿಗೆ ವರ್ಗವಾಯಿತು. ನೌಕಾದಳವಾದರೋ ಮೊದಲಿನಿಂದಲೂ ಬೊಂಬಾಯಿಯದು. ಆದಕಾರಣ 1862ಕ್ಕೆ ಹಿಂದಿನ ಕಾರವಾರದ ನಾವಿಕನೊಬ್ಬನ ಸೇವಾವಿವರವನ್ನು ಮುಂಬಯಿಯ ಅಥವಾ ಲಂಡನ್ನಿನ ದಫ್ತರಗಳಲ್ಲಿಯೂ, ಅವನ ಭೂಮಿಯ ವಿವರವನ್ನು ಚೆನ್ನೈಯ ದಫ್ತರಗಳಲ್ಲಿಯೂ ಅರಸಬೇಕಾಗುತ್ತದೆ. ಒಂದು ಕಡೆಯ ಕಾಗದಗಳನ್ನು ಮಾತ್ರ ನೋಡಿ ‘ಇಂಥವನು ಇರಲಿಲ್ಲ’ ಎನ್ನುವುದು ಅವಸರದ ಮಾತಾದೀತು.

ಎಲ್ಲಕ್ಕಿಂತ ಮಿಗಿಲಾದ ತೊಡಕು ದಾಯಕ್ರಮದ್ದು. ಉತ್ತರ ಕನ್ನಡದ ಖಾರ್ವಿ, ಹರಿಕಾಂತ ಮೊದಲಾದವರಲ್ಲಿ ವಂಶವು ತಂದೆಯಿಂದ ಮಗನಿಗೆ ಬರುತ್ತದೆ. ದಕ್ಷಿಣದ ಮೊಗವೀರರಲ್ಲಿ ಅಳಿಯಸಂತಾನವು ನಡೆದುಬಂದಿದ್ದಿತು. ‘ಬಳಿ’ಯು ತಾಯಿಯಿಂದ ಬರುತ್ತಿತ್ತು, ಕುಟುಂಬದ ಆಸ್ತಿಯೂ ಹೆಣ್ಣಿನ ಸಂತತಿಯಲ್ಲಿಯೇ ಇಳಿಯುತ್ತಿತ್ತು. ಇಂತಹ ಕುಟುಂಬದಲ್ಲಿ ನಾವಿಕನ ನೆನಪನ್ನು ಉಳಿಸಿಕೊಂಡವರು ಅವನ ಮಕ್ಕಳಲ್ಲ, ಸೋದರಿಯ ಮಕ್ಕಳಾಗಿರಬಹುದು. ತಂದೆಮಕ್ಕಳ ಸಾಲನ್ನೇ ಹಿಡಿದು ಹೊರಟ ಶೋಧಕನು ದಾಖಲೆಯು ಕೈಗೆ ಸಿಕ್ಕರೂ ಅದನ್ನು ಗುರುತಿಸಲಾರನು.

ಕರಾವಳಿಯ ಅನೇಕ ಕುಟುಂಬಗಳು ಇಂದು ಘಟ್ಟವನ್ನೇರಿ ಬೆಂಗಳೂರನ್ನು ಸೇರಿವೆ. ನಗರದ ಪಶ್ಚಿಮದಲ್ಲಿ ಬೆಳೆದ ಅನ್ನಪೂರ್ಣೇಶ್ವರಿ ನಗರದಂತಹ ಬಡಾವಣೆಗಳಲ್ಲಿ ಕಡಲಿನ ಸದ್ದು ಕೇಳಿಸದು. ಆದರೂ ಮೂಲಸ್ಥಾನದ ಹೆಸರು, ಬಳಿಯ ಹೆಸರು, ವರ್ಷಕ್ಕೊಮ್ಮೆ ಸಲ್ಲುವ ಕಾಣಿಕೆ, ಇವು ಮುಪ್ಪಿನವರ ನೆನಪಿನಲ್ಲಿ ಉಳಿದಿರಬಹುದು. ಮೂಲಸ್ಥಾನವು ಗ್ರಾಮವನ್ನು ತೋರಿಸುತ್ತದೆ, ಗ್ರಾಮವು ಭೂಮಿಯ ಲೆಕ್ಕವನ್ನು, ಲೆಕ್ಕವು ಕಾಲವನ್ನು. ಆ ಕಾಲವು ಹಡಗಿನ ಪಟ್ಟಿಯತ್ತ ದಾರಿಮಾಡಿಕೊಡುತ್ತದೆ. ಹಡಗಿನಿಂದ ಮನೆಗೆ ಬರುವ ದಾರಿಯಲ್ಲಿ ಬರಿಯ ಹೆಸರುಗಳಿವೆ. ಮನೆಯಿಂದ ಹಡಗಿಗೆ ಹೋಗುವ ದಾರಿಯಲ್ಲಿ ಗುರುತುಗಳಿವೆ. ಕಾಗದಗಳು ಬಹುಕಾಲ ನಿಲ್ಲಬಲ್ಲವು, ಹೇಳುವ ಮುದುಕರು ನಿಲ್ಲಲಾರರು. ಆದಕಾರಣ ದಫ್ತರಗಳಿಗಿಂತ ಮೊದಲು ಅವರ ಬಾಯಿಮಾತನ್ನು ಬರೆದಿಟ್ಟುಕೊಳ್ಳುವುದೇ ಶೋಧಕರ ಪ್ರಥಮ ಕರ್ತವ್ಯವಾಗಿದೆ.