ಹೆಸರಿಲ್ಲದ ಡಬ್ಬ: ಗೇಮ್ ಆಡೋಕೆ ಅಂತ ಬಿಚ್ಚಿದ ಪೆಂಟಿಯಂ ತ್ರೀ

1/7

ಮೊದಲನೇ ಫೋಟೋ ಝೂಮ್ ಮಾಡಿ ನೋಡಿ. ಹಳದಿ ತಿರುಗಿರೋ ಕ್ಯಾಬಿನೆಟ್, ಒಂದು ಫ್ಲಾಪಿ ಡ್ರೈವ್, ಅದರ ಮೇಲೆ ಸಿಡಿ ಡ್ರೈವ್. ಎಲ್ಲೂ ಕಂಪನಿ ಹೆಸರಿಲ್ಲ. ಹಿಂದುಗಡೆ ಮಾತ್ರ ಒಂದು ಪುಟ್ಟ ಸ್ಟಿಕರ್, ಅದರ ಮೇಲೆ ಮಾರ್ಕರ್ ಪೆನ್ನಲ್ಲಿ ಬರೆದ ತಾರೀಖು. ಅದೇ ವಾರಂಟಿ ಕಾರ್ಡು.

ಇದು ಗೊಟ್ಟಿಗೆರೆಯ ಒಂದು ಡಿಟಿಪಿ-ಜೆರಾಕ್ಸ್ ಅಂಗಡಿಯ ಕಂಪ್ಯೂಟರ್. ಅಂಗಡಿ ಮುಚ್ಚಿ ವರ್ಷಗಳಾಯ್ತು, ಡಬ್ಬ ಅಟ್ಟದ ಮೇಲಿತ್ತು. ಪೆಂಟಿಯಂ ತ್ರೀ 500 ಮೆಗಾಹರ್ಟ್ಸ್, 64 ಎಂಬಿ ರ‍್ಯಾಮ್, 8.4 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 98. ನಿಮ್ಮ ಫೋನಿನ ರ‍್ಯಾಮ್ 8 ಜಿಬಿ ಇದ್ರೆ ಇದಕ್ಕಿಂತ 128 ಪಟ್ಟು ಜಾಸ್ತಿ. ನಾನು, ನನ್ನ ಕಸಿನ್ ಇದನ್ನ ತಂದಿದ್ದು ಒಂದೇ ಉದ್ದೇಶಕ್ಕೆ: ಎಮ್ಯುಲೇಟರ್ ಇಲ್ಲದೆ, ಆ ಕಾಲದ ಗೇಮ್‌ಗಳನ್ನ ಆ ಕಾಲದ ಮೆಷಿನ್ನಲ್ಲೇ ಆಡ್ಬೇಕು ಅಂತ.

ಸ್ಟೋರಿ ಹಾಕಿದ ತಕ್ಷಣ ಹೆಚ್ಚು ಬಂದ ಪ್ರಶ್ನೆ, "ರೋಡ್ ರ‍್ಯಾಶ್ ಓಡುತ್ತಾ?" ಓಡುತ್ತೆ ಗುರು. ಆದರೆ ಈ ಏಳು ಪೋಸ್ಟ್ ಬರೀ ಅದರ ಬಗ್ಗೆ ಅಲ್ಲ. ಗೇಮ್‌ಗೆ ಅಂತ ಇಂಥ ಮೆಷಿನ್ ಅಪ್‌ಗ್ರೇಡ್ ಮಾಡೋರು ಮೊದಲು ಕಿತ್ತು ಬಿಸಾಕೋದು ಹಾರ್ಡ್ ಡಿಸ್ಕ್‌ನ. ನಮ್ಮೂರಿನ ಹಳೇ ಕಂಪ್ಯೂಟರ್‌ಗಳಲ್ಲಿ ಅದನ್ನ ಮಾತ್ರ ಬಿಸಾಕಬಾರದು. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದೆ ಹೋಗ್ಬೇಕು.

2/7

ಡಬ್ಬದ ಮೇಲೆ ಹೆಸರು ಯಾಕಿಲ್ಲ? ಇದು ಅಸೆಂಬಲ್ಡ್. ಬೋರ್ಡ್ ಒಂದು ಕಡೆಯದು, ಡಿಸ್ಕ್ ಇನ್ನೊಂದು ಕಡೆಯದು, ಕ್ಯಾಬಿನೆಟ್ ಮತ್ತೊಂದು ಕಡೆಯದು, ಜೋಡಿಸಿದ್ದು ಟೌನ್‌ಹಾಲ್ ಹತ್ತಿರದ ಎಸ್‌ಪಿ ರೋಡಿನ ಯಾವುದೋ ಇಕ್ಕಟ್ಟಿನ ಅಂಗಡಿ.

ಅದಕ್ಕೂ ಮುಂಚೆ ಕಂಪ್ಯೂಟರ್ ಅಂದ್ರೆ ಆಫೀಸು, ಬ್ಯಾಂಕು, ಕಾಲೇಜಿನ ಸಾಮಾನು. ನವೆಂಬರ್ 1984ರಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದು ಲೈಸೆನ್ಸು, ಆಮದು ಎರಡನ್ನೂ ಸಡಿಲ ಮಾಡಿತು. ವಿಪ್ರೋ, ಎಚ್‌ಸಿಎಲ್ ಪಿಸಿಗಳು ಬಂದವು. ಹೌದು, ನಮ್ಮ ಸೀನಿಯರ್ಸ್ ಪ್ಲೇಸ್‌ಮೆಂಟ್ ಆಗೋ ಅದೇ ವಿಪ್ರೋ ಆಗ ಕಂಪ್ಯೂಟರ್ ತಯಾರಿಸಿ ಮಾರ್ತಿತ್ತು. ಆದರೆ ಸಂಬಳದವರ ಮನೆಗೆ ಅವು ದೂರದ ಮಾತು.

ಲೆಕ್ಕ ಬದಲಾಗಿದ್ದು ಒಂದು ಒಪ್ಪಂದದಿಂದ. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತ 1997ರಲ್ಲಿ ಸೇರಿತು. ಕಂಪ್ಯೂಟರ್, ಬಿಡಿಭಾಗಗಳ ಮೇಲಿನ ಕಸ್ಟಮ್ಸ್ ಸುಂಕವನ್ನ ಹಂತಹಂತವಾಗಿ ಇಳಿಸಿ 2005ರೊಳಗೆ ಸೊನ್ನೆ ಮಾಡೋದು ಅಂತ ಒಪ್ಪಿಕೊಂಡಿತು. ನಮ್ಮ ಇಂಟರ್‌ನ್ಯಾಷನಲ್ ಬಿಸಿನೆಸ್ ನೋಟ್ಸಲ್ಲಿ ಇದು ಎರಡು ಸಾಲು. ಎಸ್‌ಪಿ ರೋಡಲ್ಲಿ ಅದು ಅಂಗಡಿ ಸಾಲು. ತೈವಾನ್ ಬೋರ್ಡುಗಳು ಅಗ್ಗವಾದವು. ಬ್ರ್ಯಾಂಡಿಗೆ ದುಡ್ಡು ಕೊಡೋದರ ಬದಲು ನಂಬಿಕಸ್ಥ ಹುಡುಗನೊಬ್ಬನ ಕೈಲಿ ಜೋಡಿಸಿಕೊಳ್ಳೋದು ಲಾಭ ಅನ್ನೋ ಕಾಲ ಬಂತು.

ಅದರ ಹಿಂದೆಮುಂದೆಯೇ ಇಂಟರ್ನೆಟ್ಟೂ ಬಂತು. ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿದ್ದು ಆಗಸ್ಟ್ 15, 1995. ಮುಂದಿನ ವರ್ಷ ಬ್ರಿಗೇಡ್ ರೋಡಲ್ಲಿ ಕೆಫೆ ಕಾಫಿ ಡೇ ಮೊದಲ ಅಂಗಡಿ ತೆರೆದಿದ್ದೂ ಸೈಬರ್ ಕೆಫೆಯಾಗಿ. ಕಾಫಿ ಜೊತೆ ನೆಟ್ಟು. ಮುಂದಿನ ಕೆಲವು ವರ್ಷಗಳಲ್ಲಿ ಸೈಬರ್, ಡಿಟಿಪಿ, ಜೆರಾಕ್ಸ್, ಎಸ್‌ಟಿಡಿ ಎಲ್ಲಾ ಒಂದೇ ಶಟರ್ ಒಳಗೆ ಬಡಾವಣೆ ಬಡಾವಣೆಗೂ ಬಂತು. ನಮ್ಮ ಡಬ್ಬ ಆ ಅಲೆಯದು.

3/7

ಈಗ ಒಂಚೂರು ಅಕೌಂಟ್ಸ್, ಸ್ಕಿಪ್ ಮಾಡ್ಬೇಡಿ. 2000ದ ದಶಕದಲ್ಲಿ ಆದಾಯ ತೆರಿಗೆ ಲೆಕ್ಕಕ್ಕೆ ಕಂಪ್ಯೂಟರ್ ಮೇಲಿನ ಡಿಪ್ರಿಸಿಯೇಷನ್ ದರ ಶೇ. 60, ರಿಟನ್ ಡೌನ್ ವ್ಯಾಲ್ಯೂ ಪದ್ಧತಿ. (2017-18ರಿಂದ ಶೇ. 40.) ಉದಾಹರಣೆಗೆ 40,000 ರೂಪಾಯಿ ಮೆಷಿನ್ ಅಂತ ಇಟ್ಕೊಳ್ಳಿ. ಮೊದಲ ವರ್ಷದ ಕೊನೆಗೆ ಪುಸ್ತಕದಲ್ಲಿ 16,000. ಆಮೇಲೆ 6,400. ಆಮೇಲೆ 2,560. ನಾಲ್ಕನೇ ವರ್ಷ 1,024.

ನಾಲ್ಕೇ ವರ್ಷಕ್ಕೆ ಒಂದು ಸಾವಿರ ರೂಪಾಯಿ ವಸ್ತು. ಆದರೆ ಈ ಅಂಗಡಿಯವರು ಅದರಲ್ಲಿ ಅದಕ್ಕಿಂತ ತುಂಬಾ ಹೆಚ್ಚು ವರ್ಷ ಕೆಲಸ ಮಾಡಿದ್ದಾರೆ. ಪುಸ್ತಕದ ಬೆಲೆಗೂ ವಸ್ತುವಿಗೂ ಸಂಬಂಧ ಇಲ್ಲ ಅಂತ ಲೆಕ್ಚರರ್ ಹೇಳಿದ್ರು. ಅದು ನನಗೆ ಅರ್ಥ ಆಗಿದ್ದು ಇದರ ಸ್ಕ್ರೂ ಬಿಚ್ಚಿದಾಗ.

ಹೀಗೆ ಬೆಲೆ ಸೊನ್ನೆಯಾದ ಮೆಷಿನ್‌ಗಳು ಎಲ್ಲಿ ಹೋದವು? ಗುಜರಿಗೆ. ದೇಶದಲ್ಲಿ ಇ-ತ್ಯಾಜ್ಯಕ್ಕೆ ಅಂತಲೇ ಪ್ರತ್ಯೇಕ ನಿಯಮ ಬಂದಿದ್ದು 2011ರಲ್ಲಿ, ಜಾರಿಯಾಗಿದ್ದು 2012ರಲ್ಲಿ. ಡಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಮರುಬಳಕೆ ಘಟಕ ಅದಕ್ಕೂ ಮುಂಚೆ ಶುರುವಾಗಿತ್ತು, ನಿಜ. ಆದರೆ ಮನೆ ಮುಂದೆ "ಹಳೇ ಸಾಮಾನ್" ಅಂತ ಕೂಗಿಕೊಂಡು ಬರೋ ಗಾಡಿಯಷ್ಟು ಹತ್ತಿರ ಯಾವ ಘಟಕವೂ ಇರಲಿಲ್ಲ.

4/7

ರಿಪೇರಿ. ಹಳೇ ಡೆಸ್ಕ್‌ಟಾಪ್ ಸಿಕ್ಕ ತಕ್ಷಣ ಪ್ಲಗ್ಗಿಗೆ ಹಾಕ್ಬೇಡಿ, ಪ್ಲೀಸ್. ಮೊದಲು ಬ್ರಷ್ಷು, ಬ್ಲೋವರ್. ಆಮೇಲೆ ಟಾರ್ಚ್ ಹಿಡಿದು ಮದರ್‌ಬೋರ್ಡಿನ ಕೆಪ್ಯಾಸಿಟರ್‌ಗಳನ್ನ ನೋಡಿ. ಪುಟ್ಟ ಡ್ರಮ್ಮಿನ ಥರ ನಿಂತಿರ್ತವೆ. ತಲೆ ಚಪ್ಪಟೆ ಇದ್ರೆ ಸರಿ. ಉಬ್ಬಿದ್ರೆ, ಕಂದು ರಸ ಸೋರಿದ್ರೆ, ಅದನ್ನ ಬದಲಾಯಿಸದೆ ಕರೆಂಟ್ ಕೊಡಬಾರದು.

ಇದರ ಹಿಂದೆಯೂ ಒಂದು ಇತಿಹಾಸ ಇದೆ. 1990ರ ದಶಕದ ಕೊನೆಯಿಂದ ಕೆಲವು ವರ್ಷ ತಯಾರಾದ ಕೆಪ್ಯಾಸಿಟರ್‌ಗಳಲ್ಲಿ ಒಳಗಿನ ಎಲೆಕ್ಟ್ರೋಲೈಟ್ ದ್ರವವೇ ಸರಿ ಇರಲಿಲ್ಲ. ಒಳಗೆ ಗ್ಯಾಸ್ ಆಗಿ ತಲೆ ಉಬ್ಬೋದು, ಒಡೆಯೋದು. ಪ್ರಪಂಚದ ತುಂಬಾ ಬೋರ್ಡುಗಳು ಆಯಸ್ಸು ಮುಗಿಯೋ ಮುಂಚೆ ಸತ್ತವು. ಇದಕ್ಕೆ ಕೆಪ್ಯಾಸಿಟರ್ ಪ್ಲೇಗ್ ಅಂತಲೇ ಹೆಸರು. ನಮ್ಮ ಬೋರ್ಡಲ್ಲಿ ಪ್ರೊಸೆಸರ್ ಪಕ್ಕದ ನಾಲ್ಕು ಉಬ್ಬಿದ್ವು. ಪ್ಲೇಗೋ ವಯಸ್ಸೋ, ಔಷಧಿ ಒಂದೇ: ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಸ್ವಲ್ಪ ಹೆಚ್ಚು ವೋಲ್ಟ್, 105 ಡಿಗ್ರಿಯ ಲೋ-ಇಎಸ್‌ಆರ್ ಪೀಸು. ಎಸ್‌ಪಿ ರೋಡಲ್ಲೇ ಸಿಕ್ತು. ಬೆಸುಗೆ ಹಾಕಿದ್ದು ನಾವಲ್ಲ, ಪಕ್ಕದ ರಸ್ತೆಯ ಟಿವಿ ರಿಪೇರಿ ಅಂಕಲ್. ಫೋಟೋ 5ರಲ್ಲಿ ಅವರ ಕೈ ಮಾತ್ರ ಕಾಣುತ್ತೆ, ಮುಖ ಬೇಡ ಅಂದ್ರು.

ಬೋರ್ಡಿನ ಬಿಲ್ಲೆ ಬ್ಯಾಟರಿ, ಸಿಆರ್ 2032, ಅದೂ ಹೊಸದು. ಪವರ್ ಸಪ್ಲೈ ಪೂರ್ತಿ ಬದಲಾಯಿಸಿದ್ವಿ. ಹಳೇ ಪಿಕ್ಚರ್ ಟ್ಯೂಬ್ ಮಾನಿಟರ್ ಒಳಗೆ ಮಾತ್ರ ಕೈ ಹಾಕಬೇಡಿ, ಪ್ಲಗ್ ತೆಗೆದ ಮೇಲೂ ಹೈ ವೋಲ್ಟೇಜ್ ಉಳ್ಕೊಂಡಿರುತ್ತೆ.

5/7

ಅಪ್‌ಗ್ರೇಡ್. ಇಲ್ಲಿ ದುರಾಸೆ ಪಡಬಾರದು. ವಿಂಡೋಸ್ 98ಕ್ಕೆ 512 ಎಂಬಿಗಿಂತ ಹೆಚ್ಚು ರ‍್ಯಾಮ್ ಕೊಟ್ರೆ ಅದೇ ತಡವರಿಸುತ್ತೆ. ನಾವು 256 ಹಾಕಿದ್ವಿ. ಅದರಲ್ಲೂ ಒಂದು ಸೂಕ್ಷ್ಮ: ನಮ್ಮದು ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್. ಅದಕ್ಕೆ 256ರ ಕಡ್ಡಿ ಬೇಕಾದ್ರೆ ಎರಡೂ ಕಡೆ ಸೇರಿ 16 ಚಿಪ್ ಇರೋದೇ ಬೇಕು. 8 ಚಿಪ್ಪಿನ ಕಡ್ಡಿ ಹಾಕಿದ್ರೆ ಅರ್ಧ ಮಾತ್ರ ಕಾಣುತ್ತೆ.

ಗ್ರಾಫಿಕ್ಸ್ ವಿಷಯಕ್ಕೆ ಕಸಿನ್ ಜೊತೆ ಜಗಳ. ಅವನಿಗೆ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡೇ ಬೇಕು. 1996ರಲ್ಲಿ ಬಂದ ವೂಡೂ ಇಂದಾನೇ ಮನೆ ಕಂಪ್ಯೂಟರಲ್ಲಿ ತ್ರೀಡಿ ಗೇಮ್ ಅನ್ನೋದಕ್ಕೆ ಅರ್ಥ ಬಂದಿದ್ದು. ಡಿಸೆಂಬರ್ 2000ದಲ್ಲಿ ಕಂಪನಿ ತನ್ನ ಆಸ್ತಿಯನ್ನ ಎನ್‌ವಿಡಿಯಾಗೆ ಮಾರಲು ಒಪ್ಪಿ ಕಥೆ ಮುಗಿಸಿತು. ಈಗ ಆ ಕಾರ್ಡುಗಳಿಗೆ ಸಂಗ್ರಹಕಾರರು ಕೊಡೋ ರೇಟು ಕೇಳಿದ್ರೆ ತಲೆ ತಿರುಗುತ್ತೆ. ನನ್ನ ವಾದ ಬೇರೆ: ಗೊಟ್ಟಿಗೆರೆ ಡಿಟಿಪಿ ಅಂಗಡಿಯಲ್ಲಿ ವೂಡೂ ಕಾರ್ಡ್ ಯಾವತ್ತೂ ಇರಲಿಲ್ಲ. ಅದನ್ನ ಹಾಕಿದ್ರೆ ಇದು ಅಮೆರಿಕದ ಯಾವನದೋ ಬಾಲ್ಯ ಆಗುತ್ತೆ, ನಮ್ಮೂರಿನದಲ್ಲ. ಇದ್ದ ಕಾರ್ಡೇ ಉಳೀತು. (ಬಜೆಟ್ಟೂ ನನ್ನ ಪರ ಇತ್ತು ಅನ್ನಿ.)

ಇಲ್ಲಿನ ಹುಡುಗರು ಆಡಿದ್ದು ಏನು? ಸ್ಕೂಲ್ ಲ್ಯಾಬಲ್ಲಿ ಡೇವ್. ಜಾನ್ ರೊಮೆರೋ 1988ರಲ್ಲಿ ಆಪಲ್ ಟೂಗೆ ಬರೆದು, 1990ರಲ್ಲಿ ಡಾಸ್‌ಗೆ ತಂದ ಗೇಮು. ಮುಂದೆ ಡೂಮ್ ಮಾಡಿದ ತಂಡದಲ್ಲೂ ಇದೇ ರೊಮೆರೋ ಇದ್ದ. ಆಮೇಲೆ ಪ್ರಿನ್ಸ್ ಆಫ್ ಪರ್ಷಿಯಾ, ರೋಡ್ ರ‍್ಯಾಶ್, ಕ್ಲಾ. ಹಳೇ ಮೆಷಿನ್ನೇ ಬೇಕು ಅನ್ನೋಕೆ ಕಾರಣವೂ ಇದೆ. ಎಷ್ಟೋ ಡಾಸ್ ಗೇಮ್‌ಗಳ ವೇಗ ಪ್ರೊಸೆಸರ್ ವೇಗಕ್ಕೇ ಕಟ್ಟಿರುತ್ತೆ. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಕೆಲವಂತೂ ಸುಮಾರು 200 ಮೆಗಾಹರ್ಟ್ಸ್ ದಾಟಿದ್ರೆ "ರನ್‌ಟೈಮ್ ಎರರ್ 200" ಅಂತ ಶುರುವಲ್ಲೇ ಕೂತ್ಕೊಂಡ್ಬಿಡ್ತವೆ. ನಮ್ಮ 500 ಕೂಡ ಅವಕ್ಕೆ ಜಾಸ್ತಿಯೇ. ಪ್ಯಾಚ್ ಹಾಕ್ಬೇಕು.

ಇನ್ನೊಂದು ಮಾತು. ಈ ಡಬ್ಬದ ಕಾಲದಲ್ಲೇ ನಮ್ಮ ಬೆಂಗಳೂರಲ್ಲಿ ಗೇಮ್ ತಯಾರಿಕೆಯೂ ಶುರುವಾಗಿತ್ತು. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, ಫ್ರಾನ್ಸಿನ ಇನ್ಫೋಗ್ರಾಮ್ಸ್‌ಗೆ ಮಿಷನ್ ಇಂಪಾಸಿಬಲ್ ಪಿಸಿ ಗೇಮಿನ ಕೆಲಸ ಮಾಡಿತು. 2019ರಲ್ಲಿ ಆ ಸಂಸ್ಥೆಯನ್ನ ಕೊಂಡಿದ್ದು ರಾಕ್‌ಸ್ಟಾರ್. ಹೌದು, ಜಿಟಿಎ ರಾಕ್‌ಸ್ಟಾರ್.

6/7

ಈಗ ಹಾರ್ಡ್ ಡಿಸ್ಕ್. ಹಳೇ ಐಡಿಇ ಡಿಸ್ಕ್ ಜಾಗಕ್ಕೆ ಕ್ಯಾಮೆರಾದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನ ಒಂದು ಅಡಾಪ್ಟರ್ ಹಾಕಿ ಕೂರಿಸಬಹುದು. ಸದ್ದಿಲ್ಲ, ವೇಗ ಜಾಸ್ತಿ. ಗೇಮ್‌ಗೆ ಅದೇ ಒಳ್ಳೇದು. ಅಂಗಡಿ ಆಂಟಿ ಮೊದಲೇ ಹೇಳಿದ್ರು, "ಒಳಗಿರೋದೆಲ್ಲ ಅಳಿಸ್ಬಿಡಪ್ಪ, ಏನಿರುತ್ತೆ ಅದ್ರಲ್ಲಿ." ಆದರೂ ಅಳಿಸೋ ಮುಂಚೆ ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿ, ಡಿಸ್ಕಿಗೆ ಏನೂ ಬರೆಯದೆ, ಇಡೀ ಡಿಸ್ಕಿನ ಪ್ರತಿ ತೆಗೆದ್ವಿ.

ಒಳಗೆ ಸಾವಿರಾರು ಫೈಲು. ನನ್ನ ಲ್ಯಾಪ್‌ಟಾಪಲ್ಲಿ ಒಂದು ತೆರೆದೆ. "ಕನ್ನಡ" ಅಂತ ಇರಬೇಕಾದ ಕಡೆ ಇಂಗ್ಲಿಷ್ ಪಿ, ತಲೆ ಮೇಲೆ ಗೆರೆ ಇರೋ ಎ, ಪೌಂಡ್ ದುಡ್ಡಿನ ಗುರುತು, ಜರ್ಮನ್ ಅಕ್ಷರ ಒಂದು. ಫೈಲ್ ಕೆಟ್ಟಿರಲಿಲ್ಲ. ಅದು ನುಡಿ.

ವಿಂಡೋಸ್ 98ಗೆ ಕನ್ನಡ ಬರ್ತಿರಲಿಲ್ಲ. ಯೂನಿಕೋಡಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ವಿಂಡೋಸ್ ತನ್ನದೇ ಕನ್ನಡ ಫಾಂಟ್, ತುಂಗಾ, ಕೊಟ್ಟಿದ್ದು 2001ರ ಎಕ್ಸ್‌ಪಿಯಲ್ಲಿ. ಅಲ್ಲೂ ಸಿಡಿ ಹಾಕಿ ಭಾಷಾ ಬೆಂಬಲ ಇನ್‌ಸ್ಟಾಲ್ ಮಾಡಿದ್ರೇನೇ ಸರಿಯಾಗಿ ಮೂಡೋದು. ಅಲ್ಲೀವರೆಗೆ ನಮ್ಮವರು ಸುಮ್ಮನೆ ಕೂರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನ, ಅಂದ್ರೆ ತಲೆಕಟ್ಟು, ಒತ್ತು, ಗುಣಿತದ ಕೊಂಬು, ಒಂದೊಂದಾಗಿ ಕೂರಿಸಿದ ಫಾಂಟ್‌ಗಳು ಬಂದವು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ. ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ. ಅದರ ಕೀಲಿಮಣೆಗೆ ಬುನಾದಿ ಕೆ.ಪಿ. ರಾವ್ ಅವರ ವಿನ್ಯಾಸ. ಎಫ್ ಒತ್ತಿದ್ರೆ ಒತ್ತಕ್ಷರ, ನಿಮ್ಮಲ್ಲಿ ಕೆಲವರು ಲ್ಯಾಪ್‌ಟಾಪಲ್ಲಿ ಇವತ್ತಿಗೂ ಬಳಸ್ತೀರಲ್ಲ, ಅದೇ.

ಇದರ ಬೆಲೆ ಏನು ಅಂದ್ರೆ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಆ ಫೈಲ್ ಕನ್ನಡವೇ ಅಲ್ಲ. ಸರ್ಚ್ ಮಾಡಿದ್ರೆ ಸಿಗಲ್ಲ. ಹೊಸ ಫೋನಲ್ಲಿ ತೆರೆದವರು "ಕರಪ್ಟ್ ಆಗಿದೆ" ಅಂತ ಡಿಲೀಟ್ ಮಾಡ್ತಾರೆ. ರಿಪೇರಿಯಾದ ನಮ್ಮ ಡಬ್ಬಕ್ಕೆ ಹಳೇ ಡಿಸ್ಕನ್ನ ಒಂದೇ ಒಂದು ಸಲ ವಾಪಸ್ ಹಾಕಿ ಅದೇ ಫೈಲ್ ತೆರೆದ್ವಿ. ಅಚ್ಚುಕಟ್ಟಾಗಿ ಕನ್ನಡ ಬಂತು.

7/7

ಏನಿತ್ತು? ಲಗ್ನಪತ್ರಿಕೆ, ಬಾಡಿಗೆ ಕರಾರು, ಅಣ್ಣಮ್ಮನ ಉತ್ಸವದ ಕರಪತ್ರ, ಚೀಟಿ ಲೆಕ್ಕ, ಕರೆಂಟು ಕಂಬಕ್ಕೆ ಅರ್ಜಿ. ಬೇರೆಯವರ ಹೆಸರು ಇರೋದರಿಂದ ಯಾವುದನ್ನೂ ಇಲ್ಲಿ ಹಾಕಲ್ಲ. ಕೊನೇ ಫೋಟೋದಲ್ಲಿ ಇರೋದು ಖಾಲಿ ನಮೂನೆ ಮಾತ್ರ, ಅದೂ ಆಂಟಿ ಒಪ್ಪಿದ ಮೇಲೆ.

ಯಾವ ಕಾಲದ್ದು ಅಂತ ಹೇಳೋದು ಸುಲಭ ಇರಲಿಲ್ಲ. ಬ್ಯಾಟರಿ ಸತ್ತಾಗೆಲ್ಲ ಕಂಪ್ಯೂಟರ್ ತಾರೀಖು ಮರೆತಿದೆ, ಎಷ್ಟೋ ಫೈಲ್ ಮೇಲೆ 1980ರ ತಾರೀಖಿದೆ. ಹಾಗಾಗಿ ಒಳಗಿನ ಅಕ್ಷರಗಳನ್ನೇ ನೋಡ್ಬೇಕು. ಲ್ಯಾಂಡ್‌ಲೈನ್ ನಂಬರ್ 7 ಅಂಕಿ ಇದ್ರೆ ಮುಂದೆ 2 ಸೇರೋಕೆ ಮುಂಚಿನದು. ಮೊಬೈಲ್ ನಂಬರೂ ಇದ್ರೆ ಬಹುಶಃ ಆಮೇಲಿನದು. ಎಲ್ಲಕ್ಕಿಂತ ಒಳ್ಳೇ ಸುಳಿವು ವಿಳಾಸ. ಹಳೆಯವುಗಳಲ್ಲಿ "ಗೊಟ್ಟಿಗೆರೆ ಗ್ರಾಮ, ಉತ್ತರಹಳ್ಳಿ ಹೋಬಳಿ, ಬೆಂಗಳೂರು ದಕ್ಷಿಣ ತಾಲೂಕು" ಅಂತಷ್ಟೇ ಇದೆ. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನ, ಏಳು ನಗರಸಭೆ ಮತ್ತು ಒಂದು ಪುರಸಭೆ ಜೊತೆ ಸೇರಿಸಿ ಬಿಬಿಎಂಪಿ ಮಾಡಿದ ಮೇಲಿನ ಅರ್ಜಿಗಳಲ್ಲಿ ಪಾಲಿಕೆಗೆ ಬರೆದ ಸಂಬೋಧನೆ ಶುರುವಾಗುತ್ತೆ. ನಮ್ಮೂರು ಹಳ್ಳಿಯಿಂದ ವಾರ್ಡ್ ಆಗಿದ್ದನ್ನ ಯಾರೂ ಪುಸ್ತಕ ಬರೆದಿಟ್ಟಿಲ್ಲ. ಒಂದು 8.4 ಜಿಬಿ ಡಿಸ್ಕ್ ಬರೆದಿಟ್ಟಿದೆ.

ಆಂಟಿ ನೋಡೋಕೆ ಬಂದ್ರು. ಅಂಕಲ್ ಈಗಿಲ್ಲ, ಟೈಪ್ ಮಾಡ್ತಿದ್ದದ್ದೆಲ್ಲಾ ಅವರೇ. ಅಂಗಡಿ ತೆರೆದಾಗ ಬಾಗಿಲಿಗೆ ಅಂಟಿಸೋಕೆ ಅವರು ಮಾಡಿದ್ದ ದರಪಟ್ಟಿ ಸಿಕ್ತು. ಆಂಟಿ ಓದಿ, "ಈ ಸಾಲಿಗೆ ಡಿಸೈನ್ ಬೇಡ ಅಂದ್ರೂ ಹೂವು ಹಾಕಿದ್ರು ನೋಡು" ಅಂದ್ರು. ಪ್ರಿಂಟ್ ತೆಗೆದು ಕೊಟ್ವಿ. ಇಡೀ ಡಿಸ್ಕಿನ ಪ್ರತಿ ಒಂದು ಪೆನ್‌ಡ್ರೈವಲ್ಲಿ ಅವರ ಹತ್ತಿರ ಇದೆ. ಅಳಿಸೋ ಮಾತು ಮತ್ತೆ ಬರಲಿಲ್ಲ.

ಈಗಿನ ಸ್ಥಿತಿ: ಡಬ್ಬ ಫ್ಲ್ಯಾಶ್ ಕಾರ್ಡಲ್ಲಿ ಓಡ್ತಿದೆ, ಭಾನುವಾರ ರೋಡ್ ರ‍್ಯಾಶ್, ಬರೋರು ಬನ್ನಿ. ಹಳೇ ಡಿಸ್ಕ್ ಬೀರುವಿನಲ್ಲಿ, ಆ್ಯಂಟಿ-ಸ್ಟ್ಯಾಟಿಕ್ ಕವರ್ ಒಳಗೆ. ನುಡಿ ಫೈಲ್‌ಗಳನ್ನ ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡ್ತಿದೀವಿ, ಅರ್ಕಾವತ್ತು ಬಂದ ಕಡೆ ತಪ್ಪು ಬೀಳ್ತಿದೆ, ಒಂದೊಂದೇ ಕಣ್ಣಲ್ಲಿ ನೋಡಿ ತಿದ್ದಬೇಕು. ನಿಮ್ಮ ಮನೆಯಲ್ಲಿ ಹಳೇ ನುಡಿ ಸಿಡಿ ಇದ್ರೆ, ಅಥವಾ ನಿಮ್ಮಮ್ಮನೋ ಅಪ್ಪನೋ ಡಿಟಿಪಿ ಮಾಡ್ತಿದ್ರೆ, ಡಿಎಂ ಮಾಡಿ.