ಟ್ಯಾಂಕಿನ ತುಕ್ಕು: ಯೆಜ್ಡಿ ಕಾಲದಿಂದ ಎಥೆನಾಲ್ ಕಾಲಕ್ಕೆ

ಚೌಳಹಿರಿಯೂರಿನ ನಮ್ಮ ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಒಂದು ಯೆಜ್ಡಿ ಹತ್ತು ವರ್ಷದಿಂದ ನಿಂತಿತ್ತು. ಹೋದ ವರ್ಷ ಓಡಿಸೋಣ ಅಂತ ಹೊರಗೆ ತಂದಾಗ ಎಂಜಿನ್ನಿಗಿಂತ ಮೊದಲು ಕೈಕೊಟ್ಟಿದ್ದು ಟ್ಯಾಂಕು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಒಳಗೆಲ್ಲ ಕೆಮ್ಮಣ್ಣು ಬಳಿದ ಹಾಗೆ ತುಕ್ಕು. ಹೊಸದು ಹಾಕೋಣ ಅಂದರೆ ಅದನ್ನು ಮಾಡಿದ ಕಾರ್ಖಾನೆಯೇ ಈಗಿಲ್ಲ.

ಆ ಕಾರ್ಖಾನೆ ಇದ್ದದ್ದು ಮೈಸೂರಿನ ಯಾದವಗಿರಿಯಲ್ಲಿ, ಹೆಸರು ಐಡಿಯಲ್ ಜಾವಾ. ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳನ್ನು 1961ರಿಂದ ಅಲ್ಲಿ ತಯಾರಿಸಿದರು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಇತ್ತೀಚೆಗೆ ಅದೇ ಹೆಸರಿನಲ್ಲಿ ಬೈಕುಗಳು ಮತ್ತೆ ಬಂದಿವೆ, ಆದರೆ ಅವೇ ಬೇರೆ ಗಾಡಿಗಳು.

"ಆಗ ಟ್ಯಾಂಕು ಹಿಂಗೆ ತುಕ್ಕು ಹಿಡೀತಿರಲಿಲ್ಲ ಕಣೋ" ಅಂತಾರೆ ದೊಡ್ಡಪ್ಪ. ಪೂರ್ತಿ ನಿಜ ಅಲ್ಲದಿದ್ದರೂ ಅದರಲ್ಲೊಂದು ಕಾರಣ ಇದೆ. ಯೆಜ್ಡಿ ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸಲೇಬೇಕು. ಬಂಕಿನಲ್ಲಿ ಆಯಿಲ್ ಹಾಕಿಸಿ, ಬೆರೆಯಲಿ ಅಂತ ಗಾಡಿಯನ್ನು ಅತ್ತಿತ್ತ ಅಲ್ಲಾಡಿಸುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತೆ. ಆ ಆಯಿಲ್ ಟ್ಯಾಂಕಿನ ಗೋಡೆಗೂ ತೆಳ್ಳಗೆ ಅಂಟಿಕೊಂಡು ಕಬ್ಬಿಣವನ್ನು ಒಂದಿಷ್ಟು ಕಾಯುತ್ತಿತ್ತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಅದು ಫೋರ್ ಸ್ಟ್ರೋಕ್, ಆಯಿಲ್ ಬೆರೆಸುವ ಕೆಲಸವೇ ಇಲ್ಲ. ಮೈಲೇಜ್ ಗೆದ್ದಿತು, ಟ್ಯಾಂಕಿನೊಳಗಿನ ಆ ಜಿಡ್ಡು ಹೋಯಿತು.

ಆಮೇಲೆ ಬಂದದ್ದು ಎಥೆನಾಲ್. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ. 5ರಷ್ಟು ಬೆರೆಸುವುದರಿಂದ ಶುರುವಾಗಿ, ಶೇ. 20ರ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಕಬ್ಬು ಬೆಳೆಗಾರರಿಗೆ ಇದರಿಂದ ಅನುಕೂಲ ಇದೆ, ಅಲ್ಲಗಳೆಯಲ್ಲ. ಆದರೆ ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತೆ. ನೀರು ಹೆಚ್ಚಾದರೆ ಎಥೆನಾಲ್ ಸಮೇತ ಬೇರ್ಪಟ್ಟು ತಳ ಸೇರುತ್ತೆ. ದಿನಾ ಓಡುವ ಗಾಡಿಗೆ ಇದು ಅಷ್ಟು ತಟ್ಟುವುದಿಲ್ಲ, ಅರ್ಧ ಟ್ಯಾಂಕಿನಲ್ಲಿ ಮಳೆಗಾಲ ಪೂರ್ತಿ ನಿಂತ ಹಳೇ ಗಾಡಿಗೆ ತಟ್ಟುತ್ತೆ.

ನಮ್ಮ ಟ್ಯಾಂಕಿಗೆ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸುರಿ ಅಂದವರೇ ಜಾಸ್ತಿ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತೆ, ತೂತು ಬಿದ್ದರೆ ಕಥೆ ಮುಗೀತು. ದೊಡ್ಡಮ್ಮ ಹಿತ್ತಾಳೆ ದೀಪ ತಿಕ್ಕುವ ಹುಣಸೆಹಣ್ಣನ್ನೇ ಹಿಡಿದೆವು. ಪೆಟ್ರೋಲ್ ಬಸಿದು, ಟ್ಯಾಂಕು ಬಿಚ್ಚಿ, ಕಾಕ್ ತೆಗೆದು, ತೂತಿಗೆ ಬಿರಡೆ ಹಾಕಿದೆವು. ಹಿಡಿ ನಟ್ಟು ಹಾಕಿ ಕುಲುಕಿದಾಗ ಸಡಿಲ ತುಕ್ಕೆಲ್ಲ ಬಂತು. ಆಮೇಲೆ ಸೋಸಿದ ಹುಣಸೆ ನೀರು ತುಂಬಿ ಎರಡು ದಿನ ಬಿಟ್ಟೆವು. ವಿನೆಗರ್ ಕೂಡ ಇದೇ ಕೆಲಸ ಮಾಡುತ್ತೆ. ಅದನ್ನು ಚೆಲ್ಲಿ, ಅಡುಗೆ ಸೋಡಾ ಕಲಸಿದ ನೀರಲ್ಲಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿದೆವು. ಇಲ್ಲಿ ತಡ ಮಾಡಬಾರದು, ತೊಳೆದ ಕಬ್ಬಿಣ ಗಂಟೆಗಳಲ್ಲೇ ಮತ್ತೆ ಕೆಂಪಾಗುತ್ತೆ. ಒಣಗಿದ ಕೂಡಲೇ ಆಯಿಲ್ ಕಲಸಿದ ಪೆಟ್ರೋಲ್ ಹಾಕಿ ಎಲ್ಲ ಕಡೆ ತಾಗುವ ಹಾಗೆ ಹೊರಳಿಸಿದೆವು.

ಒಂದು ಮಾತು: ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಇರುತ್ತೆ. ಹತ್ತಿರ ಬೀಡಿ ಹಚ್ಚಬೇಡಿ. ತೂತು ಬಿದ್ದ ಟ್ಯಾಂಕನ್ನು ಹಾಗೇ ವೆಲ್ಡಿಂಗಿಗೆ ಒಡ್ಡಿದರೆ ಸಿಡಿಯಬಹುದು.

ಯೆಜ್ಡಿ ಈಗ ಸಂತೆ ದಿನ ಹೊರಡುತ್ತೆ. ಮಳೆಗಾಲಕ್ಕೆ ನಿಲ್ಲಿಸುವಾಗ ದೊಡ್ಡಪ್ಪ ಟ್ಯಾಂಕು ಬಸಿದು, ಒಳಗೆ ಆಯಿಲ್ ಸವರಿ, ಮುಚ್ಚಳದ ಮೇಲೆ ಹಳೇ ಟವೆಲ್ ಹೊದಿಸುತ್ತಾರೆ.