ಜೀವಾವಧಿ ಶಿಕ್ಷೆ

ಜೀವಾವಧಿ ಶಿಕ್ಷೆ: ಅಪರಾಧಿಯನ್ನು ಅವನ ಉಳಿದ ಆಯುಷ್ಯವಿಡೀ ಸೆರೆಯಲ್ಲಿಡುವ ಶಿಕ್ಷೆ. ಭಾರತದಲ್ಲಿ ಮರಣದಂಡನೆಯನ್ನು ಬಿಟ್ಟರೆ ಇದೇ ಅತಿ ಕಠಿಣ. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಹಗಲು ರಾತ್ರಿಗಳನ್ನು ಬೇರೆ ಬೇರೆ ದಿನಗಳಾಗಿ ಎಣಿಸಿ ಏಳೇ ವರ್ಷಕ್ಕೆ ಬಿಡುತ್ತಾರೆಂದು ಹೇಳುವವರೂ ಇದ್ದಾರೆ. ಎರಡನೆಯದು ಬರೀ ಕಟ್ಟುಕಥೆ. ಮೊದಲನೆಯದು ಹುಟ್ಟಿಕೊಳ್ಳಲು ಮಾತ್ರ ಕಾನೂನೇ ಎಡೆಮಾಡಿಕೊಟ್ಟಿತು.

1860ರ ಭಾರತೀಯ ದಂಡ ಸಂಹಿತೆಯಲ್ಲಿ ಈ ಶಿಕ್ಷೆಯ ಜಾಗದಲ್ಲಿ ಇದ್ದದ್ದು ಆಜೀವ ದ್ವೀಪಾಂತರ, ಜನರ ಬಾಯಲ್ಲಿ ಕರಿನೀರಿನ ಶಿಕ್ಷೆ. 1857ರ ದಂಗೆಯ ಬೆನ್ನಿಗೇ, 1858ರಲ್ಲಿ ಅಂಡಮಾನಿನಲ್ಲಿ ಕೈದಿಗಳ ವಸಾಹತು ಆರಂಭವಾಗಿತ್ತು. ಅಲ್ಲಿನ ಸೆಲ್ಯುಲರ್ ಜೈಲು 1906ರಲ್ಲಿ ಪೂರ್ಣಗೊಂಡಿತು. ಆದರೆ ಈ ಶಿಕ್ಷೆಯಾದವರೆಲ್ಲ ಸಮುದ್ರ ದಾಟಲಿಲ್ಲ, ಎಷ್ಟೋ ಮಂದಿ ಒಳನಾಡಿನ ಜೈಲುಗಳಲ್ಲೇ ಉಳಿದರು. ಹಾಗೆ ಇರಿಸಿಕೊಳ್ಳುವುದು ಕಾನೂನುಬದ್ಧವೆಂದು ಆಗಿನ ಅತ್ಯುನ್ನತ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿತು. 1955ರ ತಿದ್ದುಪಡಿ ಕಾಯಿದೆಯು ದ್ವೀಪಾಂತರದ ಬದಲು ಜೀವಾವಧಿ ಕಾರಾವಾಸ ಎಂಬ ಮಾತನ್ನು ತಂದಿತು. 1956ರ ಜನವರಿ 1ರಿಂದ ಅದು ಜಾರಿಯಾಯಿತು.

ಹೆಸರು ಬದಲಾದರೂ ಅವಧಿಯ ಗೊಂದಲ ಬಗೆಹರಿಯಲಿಲ್ಲ. ಸಂಹಿತೆಯ 57ನೇ ಕಲಂ ಜೀವಾವಧಿಯನ್ನು 20 ವರ್ಷಕ್ಕೆ ಸಮವೆಂದು ಎಣಿಸುತ್ತಿತ್ತು. ಅಪರಾಧಕ್ಕೆ ಯತ್ನಿಸಿದವನಿಗೆ ಪೂರ್ಣ ಶಿಕ್ಷೆಯ ಅರ್ಧದಷ್ಟು ವಿಧಿಸಬಹುದು ಎಂದಾಗ, ಆಯುಷ್ಯದ ಅರ್ಧವನ್ನು ಲೆಕ್ಕಹಾಕುವುದು ಹೇಗೆ? ಆ ಗಣಿತಕ್ಕಷ್ಟೇ ಈ ಕಲಂ. ಗಾಂಧಿ ಹತ್ಯೆ ಮೊಕದ್ದಮೆಯಲ್ಲಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ, ಶಿಕ್ಷೆಯಲ್ಲಿ ಸಿಕ್ಕ ಮಾಫಿಯ ದಿನಗಳನ್ನು ಸೇರಿಸಿದರೆ ತನ್ನ 20 ವರ್ಷ ಮುಗಿದಿದೆ ಎಂದು ವಾದಿಸಿದಾಗ ಸುಪ್ರೀಂ ಕೋರ್ಟ್ 1961ರಲ್ಲಿ ಅದನ್ನು ತಳ್ಳಿಹಾಕಿತು. ಸರಕಾರ ವಿಧಿವತ್ತಾಗಿ ಶಿಕ್ಷೆಯನ್ನು ತಗ್ಗಿಸದಿದ್ದರೆ ಜೀವಾವಧಿ ಎಂದರೆ ಸಾಯುವವರೆಗೂ ಎಂಬುದು ಅಂದಿನಿಂದ ಸ್ಥಿರವಾದ ಅರ್ಥ.

ಹದಿನಾಲ್ಕರ ಕಥೆ ಇನ್ನೂ ವಿಚಿತ್ರ. 55ನೇ ಕಲಂ ಪ್ರಕಾರ ಸರಕಾರ ಜೀವಾವಧಿಯನ್ನು 14 ವರ್ಷ ಮೀರದ ಸಜೆಯಾಗಿ ಮಾರ್ಪಡಿಸಬಹುದಿತ್ತು. ಅಲ್ಲಿ ಅದು ಗರಿಷ್ಠ ಮಿತಿ. 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ ಸೇರಿದ 433ಎ ಕಲಂನಲ್ಲಿ ಅದೇ ಸಂಖ್ಯೆ ಕನಿಷ್ಠ ಮಿತಿಯಾಗಿ ಬಂತು: ಮರಣದಂಡನೆ ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವನನ್ನು 14 ವರ್ಷ ಜೈಲಿನಲ್ಲಿ ಕಳೆಯುವ ಮೊದಲು ಬಿಡುವಂತಿಲ್ಲ. ಮಾರು ರಾಮ್ ಪ್ರಕರಣದಲ್ಲಿ (1980) ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ರಾಷ್ಟ್ರಪತಿ ಮತ್ತು ರಾಜ್ಯಪಾಲರ ಕ್ಷಮಾದಾನದ ಅಧಿಕಾರಕ್ಕೆ ಮಾತ್ರ ಈ ಕಟ್ಟು ತಟ್ಟದು. ಹದಿನಾಲ್ಕು ತುಂಬಿದವನಿಗೆ ಬಿಡುಗಡೆಯ ಹಕ್ಕು ಬರುವುದಿಲ್ಲ, ಅವನ ಅರ್ಜಿ ಪರಿಶೀಲನೆಗೆ ಅರ್ಹವಾಗುತ್ತದೆ, ಅಷ್ಟೆ. ಕರ್ನಾಟಕದಲ್ಲಿ ಸನ್ನಡತೆಯ ಆಧಾರದ ಬಿಡುಗಡೆ ಎಂದು ಸುದ್ದಿಯಾಗುವುದು ಇಂಥ ಪರಿಶೀಲನೆಯ ಫಲ.

ಗಲ್ಲು ಹೆಚ್ಚಾಯಿತು, ಹದಿನಾಲ್ಕು ವರ್ಷ ಕಡಿಮೆಯಾಯಿತು ಎನಿಸುವ ಪ್ರಕರಣಗಳಿಗೆ ದಾರಿ ತೋರಿದ್ದು ಬೆಂಗಳೂರಿನ ಒಂದು ಕೊಲೆ ಮೊಕದ್ದಮೆ. ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಮರಣದಂಡನೆಯ ಬಗ್ಗೆ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಮ್ಮತ ಮೂಡದೆ ಮೂವರ ಪೀಠಕ್ಕೆ ಹೋಯಿತು. ಆ ಪೀಠ 2008ರಲ್ಲಿ ಗಲ್ಲನ್ನು ತೆಗೆದು, ಅಪರಾಧಿಯನ್ನು ಬದುಕಿರುವವರೆಗೂ ಬಿಡಬಾರದು ಎಂದು ಆದೇಶಿಸಿತು. ಮಾಫಿಯ ಬಾಗಿಲನ್ನು ನ್ಯಾಯಾಲಯವೇ ಮುಚ್ಚಬಹುದೇ ಎಂಬ ತಕರಾರು ಸಹಜವಾಗಿಯೇ ಎದ್ದಿತು. 2015ರಲ್ಲಿ ಶ್ರೀಹರನ್ ಪ್ರಕರಣದ ಸಂವಿಧಾನ ಪೀಠ 3–2ರ ಬಹುಮತದಿಂದ ಈ ಮಾರ್ಗವನ್ನು ಒಪ್ಪಿತು, ಆದರೆ ಅಧಿಕಾರವನ್ನು ಹೈಕೋರ್ಟು ಮತ್ತು ಸುಪ್ರೀಂ ಕೋರ್ಟಿಗೆ ಸೀಮಿತಗೊಳಿಸಿತು. ಶಿಕ್ಷೆ ವಿಧಿಸುವುದು ನ್ಯಾಯಾಂಗದ ಕೆಲಸ, ತಗ್ಗಿಸುವುದು ಸರಕಾರದ ಕೆಲಸ ಎಂಬ ಹಳೆಯ ಗೆರೆ ಇಲ್ಲಿ ಮಸುಕಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ನಾಗರಿಕ ಸುರಕ್ಷಾ ಸಂಹಿತೆ 20 ವರ್ಷದ ಎಣಿಕೆ ಮತ್ತು 14 ವರ್ಷದ ಕನಿಷ್ಠ ಮಿತಿ, ಎರಡನ್ನೂ ಉಳಿಸಿಕೊಂಡಿವೆ. ಸಾಮೂಹಿಕ ಅತ್ಯಾಚಾರದಂಥ ಕೆಲವು ಅಪರಾಧಗಳಿಗೆ ಮಾತ್ರ, 2013ರ ತಿದ್ದುಪಡಿಯ ಜಾಡಿನಲ್ಲಿ, ಜೀವಾವಧಿ ಎಂದರೆ ಸಹಜ ಬದುಕಿನ ಉಳಿದ ಕಾಲವೆಲ್ಲ ಎಂದು ಕಾನೂನು ಬಿಡಿಸಿ ಹೇಳುತ್ತದೆ.